ಅಡಿಕೆ ಲೆಕ್ಕ, ಶಾಲೆ ಲೆಕ್ಕ

ಡಿ.ಎಡ್. ವಿದ್ಯಾರ್ಥಿನಿ, ಹೊಸನಗರ
ಬೋಧನಾಭ್ಯಾಸಕ್ಕೆ ನಮ್ಮ ಕಡೆಯ ಒಂದು ಸರ್ಕಾರಿ ಶಾಲೆಗೆ ಹೋಗ್ತಿದ್ದೇನೆ. ನಾಲ್ಕನೇ ಕ್ಲಾಸಲ್ಲಿ ಆರೇ ಮಕ್ಕಳು. ಮೊನ್ನೆ 52ರಲ್ಲಿ 27 ಕಳೆಯೋ ಲೆಕ್ಕ ಕೊಟ್ಟರೆ ನಾಲ್ವರು 35 ಅಂತ ಬರೆದರು. ಎರಡರಲ್ಲಿ ಏಳು ಹೋಗಲ್ಲ ಅಂತ ತಿರುಗಿಸಿ ಏಳರಲ್ಲಿ ಎರಡು ಕಳೆದಿದ್ದಾರೆ.

ಮರುದಿನ ಗೋಟಡಿಕೆ ತರಿಸಿ ಹತ್ತತ್ತು ಹಾಕಿ ಪೊಟ್ಟಣ ಕಟ್ಟಿಸಿದೆ. ಐದು ಪೊಟ್ಟಣ, ಎರಡು ಬಿಡಿ ಅಡಿಕೆ. 35 ಬರೆದಿದ್ದ ಒಬ್ಬ ಹುಡುಗನಿಗೆ ‘ಇಪ್ಪತ್ತೇಳು ಕೊಡು’ ಅಂದೆ. ಎರಡು ಪೊಟ್ಟಣ ನನ್ನ ಕಡೆ ತಳ್ಳಿದ, ಮೂರನೇದರ ದಾರ ಹಲ್ಲಲ್ಲಿ ಕಚ್ಚಿ ಬಿಚ್ಚಿದ, ಏಳು ಎಣಿಸಿ ಕೊಟ್ಟ. ಉಳಿದದ್ದು 25. ಅದನ್ನೇ ಸ್ಲೇಟಲ್ಲಿ ಮಾಡು ಅಂದರೆ ಮತ್ತೆ 35! ಎರಡೂ ಬೇರೆ ಬೇರೆ ಬಂತಲ್ಲೋ ಅಂದಿದ್ದಕ್ಕೆ, ‘ಅದು ಅಡಿಕೆ ಲೆಕ್ಕ ಅಕ್ಕೋರೇ, ಇದು ಶಾಲೆ ಲೆಕ್ಕ’ ಅಂದ.

ರಾತ್ರಿ ನಿದ್ದೆ ಬರಲಿಲ್ಲ. ಚಟುವಟಿಕೆ ಮಾಡಿಸಿದರೆ ಮಕ್ಕಳು ಕಲೀತಾರೆ ಅಂತ ನಂಬಿಕೊಂಡಿದ್ದೆ. ಎಲ್ಲಿ ತಪ್ಪಿತು?

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ
ತಂಗೀ, ಕಡ್ಡಿ, ಹುಣಸೆಬೀಜ, ಅಡಿಕೆ ಎಲ್ಲ ನಾವೂ ತಂದವರೇ. ಹೊಸ ವಿಧಾನ ಅಂತ ಹೆಸರು ಮಾತ್ರ ಹೊಸದು. ಹನ್ನೆರಡರಲ್ಲಿ ಏಳು ಹೋದರೆ ಐದು ಅನ್ನೋದು ಬಾಯಿಗೆ ತಾನಾಗಿ ಬರಬೇಕು. ಅದಕ್ಕೆ ದಿನಾ ಹತ್ತು ಲೆಕ್ಕ, ಬೆಳಿಗ್ಗೆ ಮಗ್ಗಿ. ಈಗಿನ ತರಬೇತಿಯಲ್ಲಿ ಅಭ್ಯಾಸ ಅನ್ನೋ ಮಾತಿಗೇ ಬೆಲೆ ಇಲ್ಲ.

ನಲಿಕಲಿ ಟೀಚರ್, ಸಾಗರ
ಮೇಷ್ಟ್ರೇ, ಅಭ್ಯಾಸ ಬೇಡ ಅಂತ ಯಾರೂ ಅನ್ನಲ್ಲ. ಆದರೆ ಆ ಹುಡುಗ ತಪ್ಪನ್ನೇ ದಿನಾ ಹತ್ತು ಸಲ ಮಾಡಿದರೆ ಆ ತಪ್ಪೇ ಗಟ್ಟಿಯಾಗುತ್ತೆ.

ಹೆಸರು ಮಾತ್ರ ಹೊಸದು ಅಂದಿರಲ್ಲ, ಅದನ್ನು ಒಪ್ಪಲ್ಲ. ಚಟುವಟಿಕೆ ಕಾರ್ಡುಗಳಿಂದ ಮಕ್ಕಳು ತಮ್ಮ ವೇಗದಲ್ಲೇ ಕಲಿಯೋ ನಲಿಕಲಿ ವಿಧಾನ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯ್ತು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ನಮ್ಮಂಥ ಶಿಕ್ಷಕರೇ ಯುನಿಸೆಫ್ ಬೆಂಬಲದಲ್ಲಿ ಕಟ್ಟಿದ್ದು. 2009–10ರಲ್ಲಿ ರಾಜ್ಯಕ್ಕೆಲ್ಲ ಬಂತು. ಮಗು ಕಲಿಕಾ ಏಣಿ (ಯಾವ ಹಂತದ ಮೇಲೆ ಯಾವುದು ಅಂತ ತೋರಿಸೋ ಪಟ್ಟಿ) ನೋಡಿ ತನ್ನ ಕಾರ್ಡು ತಾನೇ ತಗೊಳ್ಳುತ್ತೆ. ಅಡಿಕೆ ಸುಲಿಗೆ ಕಾಲದಲ್ಲಿ ನನ್ನ ಕ್ಲಾಸಿನ ಒಬ್ಬಳು ಹದಿನೈದು ದಿನ ಬರೋದಿಲ್ಲ. ಪಾಠ ಮುಂದೆ ಹೋಗಿಬಿಟ್ಟಿರುತ್ತೆ ಅನ್ನೋ ಭಯ ಅವಳಿಗಿಲ್ಲ, ಬಿಟ್ಟ ಕಾರ್ಡಿನಿಂದಲೇ ಹಿಡೀತಾಳೆ. ಒಂದೇ ಕೋಣೆಯಲ್ಲಿ ಮೂರು ತರಗತಿ ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು. ಆದರೂ ನಿಜ ಹೇಳ್ತೀನಿ: ಕಾರ್ಡು ಮುಗಿದಿದೆ ಅಂತ ಗುರುತು ಹಾಕಿರುತ್ತೇವೆ, ವಿಷಯ ಮಾತ್ರ ತಲೆಗೆ ಹೋಗಿರಲ್ಲ. ನನಗೂ ಎಷ್ಟೋ ಸಲ ಹಾಗಾಗಿದೆ.

ಗಣಿತ ಉಪನ್ಯಾಸಕ, ಶಿವಮೊಗ್ಗ
ಆ ಹುಡುಗ ಹೇಳಿದ್ದು ಸಣ್ಣ ಮಾತಲ್ಲ. ಬ್ರೆಜಿಲಿನ ರೆಸಿಫೆಯಲ್ಲಿ ಮನೋವಿಜ್ಞಾನಿ ತೆರೆಜಿನ್ಹಾ ನ್ಯೂನೆಸ್ ಮತ್ತು ಜೊತೆಗಾರರು ಬೀದಿ ವ್ಯಾಪಾರದ ಐವರು ಮಕ್ಕಳನ್ನು ಮಾತಾಡಿಸಿದರು, 1985ರಲ್ಲಿ ಪ್ರಕಟಿಸಿದರು. ವ್ಯಾಪಾರದ ಜಾಗದಲ್ಲಿ ಕೇಳಿದಾಗ 98% ಉತ್ತರ ಸರಿ. ಅದೇ ಅಂಕಿಗಳನ್ನು ಬರೀ ಲೆಕ್ಕವಾಗಿ ಕೊಟ್ಟಾಗ 37%. ನಮ್ಮಲ್ಲೂ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ತಂಡ ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳ ಮಕ್ಕಳಲ್ಲಿ ಇದನ್ನೇ ಕಂಡು 2025ರಲ್ಲಿ ಬರೆಯಿತು. ಶಾಲೆ ಲೆಕ್ಕ ಬರುವ ಮಕ್ಕಳು ಮಾರುಕಟ್ಟೆ ಲೆಕ್ಕದಲ್ಲಿ ಸೋತರು ಅನ್ನೋದನ್ನೂ ತೋರಿಸಿತು.

ನೀವು ಅಡಿಕೆ ಎತ್ತಿಟ್ಟ ಮೇಲೆ ಸ್ಲೇಟು ಕೊಟ್ಟಿರಿ. ಎರಡೂ ಒಟ್ಟಿಗೆ ಇರಲಿ. ಅವನು ಪೊಟ್ಟಣ ಬಿಚ್ಚಿದ ಕೂಡಲೇ ಕೈ ನಿಲ್ಲಿಸಿ, ಈಗ ಏನಾಯ್ತೋ ಅದನ್ನು ಬರಿ ಅನ್ನಿ. 5 ಹೊಡೆದು ಹಾಕಿ 4, 2ರ ಜಾಗದಲ್ಲಿ 12.

ಒಬ್ಬಳು ತಾಯಿ, ನಗರ ಹೋಬಳಿ
ನಮ್ಮನೇಲಿ ಅಡಿಕೆ ಸುಲಿಯೋಕೆ ಬಂದವರು ಎಷ್ಟು ಡಬ್ಬ ಸುಲಿದರು ಅಂತ ಲೆಕ್ಕ ಬರೆಯೋದು ಐದನೇ ಕ್ಲಾಸಿನ ಮಗಳೇ. ಯಾರಿಗೆ ಎಷ್ಟು ಡಬ್ಬ, ಎಷ್ಟು ದುಡ್ಡು, ಒಂದು ರೂಪಾಯಿ ಆಚೀಚೆ ಆಗಲ್ಲ. ಪರೀಕ್ಷೆಯಲ್ಲಿ ಗುಣಾಕಾರ ತಪ್ಪು ಮಾಡಿ ಬಂದಾಗ ದಡ್ಡಿ ಅಂತ ಬೈದಿದ್ದೆ. ಇದನ್ನೆಲ್ಲ ಓದಿ ಹೊಟ್ಟೆ ಚುರ್ ಅಂತು. ಆ ಡಬ್ಬದ ಪುಸ್ತಕ ಶಾಲೆಗೆ ಕಳಿಸಲಾ?

ನಲಿಕಲಿ ಟೀಚರ್, ಸಾಗರ
ಖಂಡಿತ ಕಳಿಸಿ. ಅದಕ್ಕಿಂತ ಒಳ್ಳೇ ಕಲಿಕೋಪಕರಣ ಅಂಗಡೀಲಿ ಸಿಗಲ್ಲ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ
ಉಪನ್ಯಾಸಕರು ಹೇಳಿದ್ದು ಸರಿ ಮಾರಾಯ್ರೆ. ಪಕ್ಕದಲ್ಲೇ ಬರೆಸೋದನ್ನು ನಾನು ಮಾಡ್ತಿರಲಿಲ್ಲ. ‘ಪಕ್ಕದಿಂದ ಸಾಲ ತಗೋ’ ಅಂತ ಬಾಯಲ್ಲಿ ಹೇಳಿ ಮುಂದೆ ಹೋಗ್ತಿದ್ದೆ. ಯಾಕೆ ತಗೋಬೇಕು, ಯಾವಾಗ ತೀರಿಸಬೇಕು ಅಂತ ಮಕ್ಕಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಪೊಟ್ಟಣ ಬಿಟ್ಟ ಮೇಲೆ ಅಭ್ಯಾಸ ಬೇಕೇ ಬೇಕು, ಆ ಮಾತು ಬಿಡಲ್ಲ.

ಡಿ.ಎಡ್. ವಿದ್ಯಾರ್ಥಿನಿ, ಹೊಸನಗರ
ಇವತ್ತು ಹಾಗೇ ಮಾಡಿದೆ. ಇಬ್ಬಿಬ್ಬರನ್ನು ಕೂರಿಸಿ, ಒಬ್ಬ ಪೊಟ್ಟಣ ಬಿಚ್ಚೋದು, ಇನ್ನೊಬ್ಬ ಬರೆಯೋದು. ಎರಡು ಲೆಕ್ಕ ಆದಮೇಲೆ ಅದಲುಬದಲು. ನಮ್ಮ ಹುಡುಗ ಬರೆಯೋ ಸರದಿ ಬಂದಾಗ 5ರ ಮೇಲೆ ಗೀಟು ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ‘ಓ, ಇದು ಬಿಚ್ಚಿದ ಪೊಟ್ಟಣ!’ ಅಂತ ಕೂಗಿದ. ಹಳೇ 35 ಅವನೇ ಒರೆಸಿದ. ಮೇಷ್ಟ್ರೇ, ಅಡಿಕೆ ಇಲ್ಲದೆ ಹತ್ತು ಲೆಕ್ಕ ಮನೆಗೆ ಕೊಟ್ಟಿದ್ದೇನೆ.

ನಾಳೆಗೊಂದು ದಾರಿ ಹೇಳಿ. 302ರಲ್ಲಿ 127 ಕಳೀಬೇಕು. ನಡುವೆ ಸೊನ್ನೆ, ಬಿಚ್ಚೋಕೆ ಪೊಟ್ಟಣವೇ ಇಲ್ಲ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ
ಹತ್ತು ಪೊಟ್ಟಣಕ್ಕೆ ಒಂದು ಚೀಲ ಕಟ್ಟಿಸು ತಂಗಿ. ಮೊದಲು ಚೀಲ ಬಿಚ್ಚಲಿ, ಆಮೇಲೆ ಅದರೊಳಗಿನ ಒಂದು ಪೊಟ್ಟಣ. ಮಧ್ಯದಲ್ಲಿ ಒಂಬತ್ತು ಯಾಕೆ ಉಳಿಯಿತು ಅಂತ ಅವನನ್ನೇ ಕೇಳು, ಏನಂದ ಅಂತ ಇಲ್ಲಿ ಬರಿ.