‘ಬಿಕ್ಕಟ್ಟು ನಿರ್ವಹಣೆ’: ನಿರ್ವಹಿಸುವುದು ಯಾವುದನ್ನು?

ಗೆಳೆಯರೇ,

ಸಾಮಾಜಿಕ ಜಾಲತಾಣಗಳಲ್ಲಿ ಬಿಕ್ಕಟ್ಟಿನ ಜಾಡು ಹಿಡಿದು ಅದನ್ನು ಎದುರಿಸುವ ಬಗೆಯನ್ನು ಹೇಳುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಎಡವಿದ್ದೇನೆ.

‘ಕ್ರೈಸಿಸ್ ಮ್ಯಾನೇಜ್‌ಮೆಂಟ್’ಗೆ ‘ಬಿಕ್ಕಟ್ಟು ನಿರ್ವಹಣೆ’ ಎಂದು ಬರೆಯುವುದು ರೂಢಿ. ಆದರೆ ನಾವು ಪಾತ್ರ ನಿರ್ವಹಿಸುತ್ತೇವೆ, ಹೊಣೆ ನಿರ್ವಹಿಸುತ್ತೇವೆ, ಕಾರ್ಯಕ್ರಮ ನಿರ್ವಹಿಸುತ್ತೇವೆ. ಎಲ್ಲ ಕಡೆಯೂ ಕೈಗೆತ್ತಿಕೊಂಡದ್ದನ್ನು ಚೆನ್ನಾಗಿ ನಡೆಸಿಕೊಂಡು ಹೋಗುವುದೆಂಬ ಅರ್ಥ. ಬಿಕ್ಕಟ್ಟನ್ನು ಹಾಗೆ ನಡೆಸಿಕೊಂಡು ಹೋಗುವುದು ಯಾರಿಗೆ ಬೇಕಾಗಿದೆ? ನನ್ನ ಒಲವು ‘ನಿಭಾಯಿಸು’ವಿನ ಕಡೆಗೆ. ಕ್ರಿಯಾಪದವಾಗಿ ಅದು ಸಲೀಸು. ಅಧ್ಯಾಯದ ತಲೆಬರಹಕ್ಕೆ ನಾಮಪದ ಬೇಕಾದಾಗ ‘ನಿಭಾವಣೆ’ ಎಂದರೆ ಓದುಗರು ಹುಬ್ಬು ಗಂಟಿಕ್ಕುತ್ತಾರೆಯೇ?

‘ಕ್ರೈಸಿಸ್’ಗೆ ‘ವಿಪತ್ತು’ ಬೇಡ. ಭೂಕಂಪ, ನೆರೆಗೆ ಅದು ಒಪ್ಪುತ್ತದೆ. ಒಂದು ಸಂಸ್ಥೆಯ ಹೆಸರು ರಾತ್ರಿ ಕಳೆಯುವುದರೊಳಗೆ ಕೆಟ್ಟರೆ ಅದನ್ನೂ ವಿಪತ್ತು ಎನ್ನುವುದು ಅತಿಯಾಯಿತು.

ಹೆಚ್ಚು ತೊಡಕಿನದು ‘ಸಿಗ್ನಲ್’, ಅಂದರೆ ಬಿಕ್ಕಟ್ಟಿನ ಬಗ್ಗೆ ಜನರಿಂದ ಮೊದಲು ಬರುವ ಬಿಡಿ ಸಂದೇಶ. 2010ರ ಹೈಟಿ ಭೂಕಂಪದ ಬಳಿಕ ಜನ ಮೊಬೈಲಿನಿಂದ ಅಲ್ಲಿನ ಆಡುಭಾಷೆಯಾದ ಕ್ರಿಯೋಲ್‌ನಲ್ಲಿ ಕಳಿಸಿದ ಸಂದೇಶಗಳನ್ನು ದೂರದೇಶಗಳಲ್ಲಿದ್ದ ಸ್ವಯಂಸೇವಕರು ಅನುವಾದಿಸಿ, ‘ಉಷಾಹಿದಿ’ ಎಂಬ ತಂತ್ರಾಂಶದ ನಕ್ಷೆಯಲ್ಲಿ ಗುರುತು ಹಾಕಿದರು. ಸ್ವಾಹಿಲಿಯಲ್ಲಿ ಉಷಾಹಿದಿ ಎಂದರೆ ಸಾಕ್ಷ್ಯ. ಹೆಸರಿಟ್ಟವರಿಗೆ ಪದದ ತೂಕ ಗೊತ್ತಿತ್ತು! ಅಂಥ ಒಂದೊಂದು ಸಂದೇಶವನ್ನು ನಾವು ಏನೆಂದು ಕರೆಯೋಣ? ‘ಸಂಕೇತ’ ಎಂದರೆ ಇಬ್ಬರು ಮೊದಲೇ ಒಪ್ಪಿಕೊಂಡ ಗುರುತಿನಂತೆ ಕೇಳಿಸುತ್ತದೆ. ‘ಸೂಚನೆ’ಯಲ್ಲಿ ಅಪ್ಪಣೆಯ ದನಿಯೂ ಇದೆ. ನೆರೆ ಏರುತ್ತಿರುವಾಗ ‘ಸೂಚನೆ ಬಂದಿದೆ’ ಎಂದರೆ ಜನ ಮನೆ ಬಿಡಬೇಕೋ, ಬರಿದೇ ಕಾಯಬೇಕೋ?

ಉಳಿಯುವುದು ‘ಸುಳಿವು’. ಇನ್ನೂ ಖಚಿತವಾಗಿಲ್ಲ, ಆದರೆ ಕಡೆಗಣಿಸುವಂತೆಯೂ ಇಲ್ಲ ಎಂಬ ನಡುವಿನ ಸ್ಥಿತಿ ಅದರಲ್ಲಿದೆ. 2012ರ ಸ್ಯಾಂಡಿ ಚಂಡಮಾರುತದ ರಾತ್ರಿ, ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದೊಳಗೆ ಮೂರು ಅಡಿ ನೀರು ನಿಂತಿದೆ ಎಂದು ಟ್ವಿಟರ್‌ನಲ್ಲಿ ಹರಡಿತು, ಟಿವಿಯಲ್ಲೂ ಬಂತು. ಸುಳ್ಳು. ಆ ಮಾತು ಮೊದಲು ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಅದು ಸುಳಿವು; ತಾಳೆ ನೋಡದೆ ಮುಂದಕ್ಕೆ ದಾಟಿಸಿದ ಮೇಲೆ ವದಂತಿ. ನಾನು ಪದಕೋಶಕ್ಕೆ ಹೀಗೆಯೇ ಗೆರೆ ಎಳೆದಿದ್ದೇನೆ. ‘ಸುಳಿವು’ ನಿಮಗೆ ಪತ್ತೇದಾರಿ ಕಾದಂಬರಿಯ ವಾಸನೆ ಹೊಡೆಯುತ್ತದೆಯೇ? ಹೌದಾದರೆ ಬೇರೆ ಯಾವ ಪದ ಹಾಕಲಿ?