ಓವನ್ ಪ್ಯಾನ್‌ಕೇಕ್ ಅಂಚು ಮಾತ್ರ ಏಳುತ್ತದೆ, ನಡುವೆ ರಬ್ಬರ್: ಪ್ಯಾನ್ ಬದಲಾಯಿಸಬೇಕಾ?

ಓವನ್_ಗುಬ್ಬಿ:

ಎಲ್ಲರಿಗೂ ನಮಸ್ಕಾರ. ಡಚ್ ಬೇಬಿ ಅಂತಾರಲ್ಲ, ಓವನ್‌ನಲ್ಲಿ ಬುಸ್ಸೆಂದು ಉಬ್ಬುವ ದೊಡ್ಡ ಪ್ಯಾನ್‌ಕೇಕ್, ಅದರ ಬಗ್ಗೆ ಸಹಾಯ ಬೇಕು. ನನ್ನದು ಪೂರ್ತಿ ಕೆಟ್ಟಿಲ್ಲ. ಅಂಚು ಒಂದೆರಡು ಬೆರಳಿನಷ್ಟು ಏಳುತ್ತದೆ, ಅದೂ ಒಂದೇ ಕಡೆ. ನಡುವೆ ಮಾತ್ರ ದಪ್ಪಗೆ, ಬಿಳಿಚಿಕೊಂಡು ಕೂತಿರುತ್ತದೆ. ಅಗಿದರೆ ರಬ್ಬರ್. ತಳಕ್ಕೆ ಬಣ್ಣವೇ ಬರುವುದಿಲ್ಲ.

ಹಿಟ್ಟಿನ ಅಳತೆ: ಮೊಟ್ಟೆ 3, ಮೈದಾ 65 ಗ್ರಾಂ, ಹಾಲು 120 ಮಿ.ಲೀ., ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ. ಪ್ಯಾನ್‌ಗೆ ಬೆಣ್ಣೆ 30 ಗ್ರಾಂ. 220 ಡಿಗ್ರಿ, 18 ನಿಮಿಷ.

ಓವನ್ ಚಿಕ್ಕದು, ಮೇಜಿನ ಮೇಲೆ ಇಡುವಂಥದ್ದು. ಈಗ ಬಳಸುತ್ತಿರುವುದು 18 ಸೆಂ.ಮೀ. ತೆಳು ಅಲ್ಯೂಮಿನಿಯಂ ಕೇಕ್ ಟಿನ್, ಗೋಡೆ ನೇರ. ಇದಲ್ಲದೆ ಒಂದು ಗಾಜಿನ ಬೇಕಿಂಗ್ ಡಿಶ್ ಇದೆ, ಪ್ಲಾಸ್ಟಿಕ್ ಹಿಡಿಯ ನಾನ್‌ಸ್ಟಿಕ್ ಪ್ಯಾನ್ ಇದೆ. ಎಲ್ಲರೂ ಕಾಸ್ಟ್ ಐರನ್ ತಗೋ ಅಂತಿದ್ದಾರೆ. 30 ಸೆಂ.ಮೀ.ದು ತಗೊಂಡರೆ ಸರಿಹೋಗುತ್ತಾ?

ಬಿಸಿತಟ್ಟೆ:

ದುಡ್ಡು ಬಿಚ್ಚುವ ಮೊದಲು ಎರಡು ಪ್ರಶ್ನೆ. ಬೆಣ್ಣೆ ಹಾಕಿದಾಗ ಚುರ್ರೆನ್ನುತ್ತದಾ, ಸುಮ್ನೆ ಕರಗುತ್ತದಾ? ಹಾಲು, ಮೊಟ್ಟೆ ಫ್ರಿಜ್‌ನಿಂದ ನೇರ ಬರುತ್ತವಾ?

ಓವನ್_ಗುಬ್ಬಿ:

ಓವನ್ ಬಿಸಿಯಾಯಿತು ಅಂತ ದೀಪ ಆರಿದ ಮೇಲೆ ಬೆಣ್ಣೆ ಹಾಕಿದ ಟಿನ್ ಒಳಗಿಡುತ್ತೇನೆ. ಒಂದು ನಿಮಿಷದಲ್ಲಿ ಬೆಣ್ಣೆ ಕರಗುತ್ತದೆ. ಸದ್ದೇನೂ ಇಲ್ಲ. ಆಗ ಹಿಟ್ಟು ಸುರಿಯುತ್ತೇನೆ. ಹಾಲು, ಮೊಟ್ಟೆ ಎರಡೂ ಫ್ರಿಜ್‌ನಿಂದಲೇ.

ಬಿಸಿತಟ್ಟೆ:

ಕಾರಣ ಅಲ್ಲೇ ಇದೆ. ಬೆಣ್ಣೆಯಲ್ಲಿ ಆರರಲ್ಲಿ ಒಂದು ಪಾಲಿನಷ್ಟು ನೀರಿರುತ್ತದೆ. ಆ ನೀರು ಕುದ್ದಾಗಲೇ ಚುರ್ರೆನ್ನುವುದು. ಸದ್ದಿಲ್ಲ ಅಂದರೆ ಟಿನ್ ಇನ್ನೂ 100 ಡಿಗ್ರಿ ಮುಟ್ಟಿಲ್ಲ. ಓವನ್ ಒಳಗಿನ ಗಾಳಿ 220 ಇರಬಹುದು, ಟಿನ್ ಅಲ್ಲ.

ಈ ಪ್ಯಾನ್‌ಕೇಕ್‌ಗೆ ಬೇಕಿಂಗ್ ಪೌಡರ್ ಇಲ್ಲ, ಸೋಡಾ ಇಲ್ಲ. ಅದನ್ನು ಎತ್ತುವುದು ಬರೀ ಹಬೆ. ನೀರು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಆ ಹಬೆಯನ್ನು ಹಿಡಿದಿಡುವುದು ಮೊಟ್ಟೆ ಮತ್ತು ಮೈದಾ. ಹಿಟ್ಟು ಇನ್ನೂ ಸಡಿಲವಾಗಿದ್ದಾಗಲೇ ತಳದಲ್ಲಿ ಹಬೆ ಏಳಬೇಕು, ಆಮೇಲೆ ಗಟ್ಟಿಯಾಗಬೇಕು. ತಳ ನಿಧಾನವಾಗಿ ಬಿಸಿಯಾದರೆ ಹಿಟ್ಟು 70-80 ಡಿಗ್ರಿಯಲ್ಲೇ ಗಟ್ಟಿಯಾಗಿ ಕೂರುತ್ತದೆ. ಹಬೆ ಬರುವ ಹೊತ್ತಿಗೆ ಎತ್ತಲು ಏನೂ ಉಳಿದಿರುವುದಿಲ್ಲ. ನಿಮ್ಮ ರಬ್ಬರ್ ಅದೇ.

ಈಗ ಪ್ಯಾನ್ ವಿಷಯ. ಒರಟು ಲೆಕ್ಕ ಹಾಕೋಣ. ನಿಮ್ಮ ಹಿಟ್ಟು ಸುಮಾರು 350 ಗ್ರಾಂ. ಫ್ರಿಜ್‌ನ 5 ಡಿಗ್ರಿಯಿಂದ 100ಕ್ಕೆ ಬರಲು ಸುಮಾರು 115 ಕಿಲೋಜೂಲ್ ಬೇಕು. ಕೋಣೆಯ ಬಿಸಿಯಿಂದ, ಅಂದರೆ 25ರಿಂದ ಶುರುವಾದರೆ 90 ಸಾಕು. 2.3 ಕಿಲೋ ತೂಕದ ಕಾಸ್ಟ್ ಐರನ್ 220ರಿಂದ 100ಕ್ಕೆ ಇಳಿಯುವಾಗ ಕೊಡುವ ಶಾಖ ಸುಮಾರು 125. 200 ಗ್ರಾಂ ಅಲ್ಯೂಮಿನಿಯಂ ಟಿನ್ ಪೂರ್ತಿ ಬಿಸಿಯಾಗಿದ್ದರೂ ಕೊಡುವುದು 20-22. ಎಲ್ಲ ಶಾಖವೂ ಹಿಟ್ಟಿಗೇ ಹೋಗುವುದಿಲ್ಲ, ನಿಜ. ಆದರೆ ವ್ಯತ್ಯಾಸ ಎಷ್ಟು ಅಂತ ಗೊತ್ತಾಯ್ತಲ್ಲ.

ಜನ ಕಾಸ್ಟ್ ಐರನ್ ಹೊಗಳುವುದು ಈ ಕಾರಣಕ್ಕೆ. ಆ ಲೋಹದಲ್ಲಿ ಮಂತ್ರವೇನಿಲ್ಲ, ತೂಕ ಇದೆ ಅಷ್ಟೇ. ಶಾಖ ಹರಡುವುದರಲ್ಲಿ ಅಲ್ಯೂಮಿನಿಯಂ ಅದಕ್ಕಿಂತ ಮೂರ್ನಾಲ್ಕು ಪಟ್ಟು ಚುರುಕು. ಪಾಪ, ತೆಳ್ಳಗಿರುವುದೇ ಅದರ ತಪ್ಪು.

ಹಾಗಾಗಿ ತೂಕವನ್ನು ಹೊರಗಿನಿಂದ ಸಾಲ ತನ್ನಿ. ಬೇಕಿಂಗ್ ಸ್ಟೀಲ್, ದಪ್ಪ ಕಬ್ಬಿಣದ ತಟ್ಟೆ, ಪಿಜ್ಜಾ ಕಲ್ಲು, ಯಾವುದಿದ್ದರೂ ಆಯಿತು. ಅದನ್ನು ಓವನ್ ಒಳಗಿಟ್ಟು ಅರ್ಧ ಗಂಟೆ ಕಾಯಿಸಿ. ಕೊನೆಯ ಐದು ನಿಮಿಷ ಖಾಲಿ ಟಿನ್ ಅದರ ಮೇಲೆ ಕೂರಲಿ. ಆಮೇಲೆ ಬೆಣ್ಣೆ. ಅದು ಚುರ್ರೆಂದು, ನೊರೆ ಎದ್ದು, ನೊರೆ ಇಳಿಯುತ್ತಿದ್ದ ಹಾಗೆ ಹಿಟ್ಟು ಸುರಿದು ಬಾಗಿಲು ಹಾಕಿ. ಬೆಣ್ಣೆಯನ್ನು ಮೊದಲೇ ಹಾಕಿ ಬಿಡಬೇಡಿ, ಅದರ ಹಾಲಿನ ಅಂಶ ಕರಕಲಾಗುತ್ತದೆ. ತುಪ್ಪವಾದರೆ ಆ ಚಿಂತೆ ಕಡಿಮೆ, ಆದರೆ ಅದರಲ್ಲಿ ನೀರಿಲ್ಲ, ಚುರ್ರೆನ್ನುವ ಸುಳಿವೂ ಸಿಗುವುದಿಲ್ಲ. ಒಂದು ತೊಟ್ಟು ಹಿಟ್ಟು ಬಿಟ್ಟು ನೋಡಬೇಕಾಗುತ್ತದೆ.

ಇನ್ನೊಂದು. 18 ಸೆಂ.ಮೀ. ಟಿನ್‌ಗೆ 3 ಮೊಟ್ಟೆ ಜಾಸ್ತಿ. ಹಿಟ್ಟು 12 ಮಿ.ಮೀ. ಆಳ ನಿಲ್ಲುತ್ತದೆ. ನನ್ನ ಪ್ರಕಾರ 8 ಮಿ.ಮೀ. ಆಸುಪಾಸು ಸರಿ. ಅಂದರೆ ನಿಮ್ಮ ಟಿನ್‌ಗೆ 2 ಮೊಟ್ಟೆ, 80 ಮಿ.ಲೀ. ಹಾಲು, 43 ಗ್ರಾಂ ಮೈದಾ, 20 ಗ್ರಾಂ ಬೆಣ್ಣೆ. ಹಾಲು, ಮೊಟ್ಟೆ ಮೊದಲೇ ಹೊರಗಿಡಿ.

ಕಬ್ಬಿಣದ_ಕಡಲೆ:

ಮೇಲಿನವರ ಲೆಕ್ಕ ಚೆನ್ನಾಗಿದೆ. ಆದರೂ ಟಿನ್ ಕೆಳಗೆ ಸ್ಟೀಲ್, ಸ್ಟೀಲ್ ಕೆಳಗೆ ಜಾಲರಿ, ಇಷ್ಟೆಲ್ಲ ಸರ್ಕಸ್ ಯಾಕೆ? ಈ ಪ್ಯಾನ್‌ಕೇಕ್ ಮತ್ತೆ ಮತ್ತೆ ಮಾಡುವವರಾದರೆ ಕಾಸ್ಟ್ ಐರನ್ ತಗೊಳ್ಳಿ. ಆದರೆ 30 ಸೆಂ.ಮೀ. ಬೇಡವೇ ಬೇಡ.

ಯಾಕೆ ಅಂತೀರಾ? ಪ್ಯಾನ್ ಮೇಲೆ ಬರೆದಿರುವ ಅಳತೆ ಬಾಯಿಯದ್ದು, ತಳದ್ದಲ್ಲ. 30ರ ಪ್ಯಾನ್‌ಗೆ ತಳ ಸುಮಾರು 25 ಇರುತ್ತದೆ. 3 ಮೊಟ್ಟೆ ಹಿಟ್ಟು ಅಲ್ಲಿ 6 ಮಿ.ಮೀ. ಹರಡಿ ಹಪ್ಪಳದಂತಾಗುತ್ತದೆ. 25-26 ಸೆಂ.ಮೀ.ದು 3 ಮೊಟ್ಟೆಗೆ ಹೇಳಿ ಮಾಡಿಸಿದ್ದು. 30ರದ್ದು ಬೇಕೇ ಬೇಕು ಅಂದರೆ 4ರಿಂದ 5 ಮೊಟ್ಟೆಗೆ ಏರಿಸಬೇಕು. 25ಕ್ಕೂ 30ಕ್ಕೂ ಐದೇ ಸೆಂ.ಮೀ. ಅನಿಸುತ್ತದೆ, ಆದರೆ ಹರವು 1.44 ಪಟ್ಟು. ಇಲ್ಲೇ ಜನ ಎಡವುವುದು.

ಕೊಳ್ಳುವ ಮೊದಲು ಟೇಪ್ ಹಿಡಿದು ಓವನ್ ಒಳಗಿನ ಆಳ ಅಳೆಯಿರಿ. ಹಿಡಿಯನ್ನೂ ಸೇರಿಸಿ ಲೆಕ್ಕ ಹಾಕಿ. 26ರ ಪ್ಯಾನ್ ಹಿಡಿ ಸೇರಿ 40 ದಾಟುತ್ತದೆ. ಚಿಕ್ಕ ಓವನ್‌ನಲ್ಲಿ ಬಾಗಿಲೇ ಮುಚ್ಚುವುದಿಲ್ಲ. ಎರಡು ಕಡೆ ಕಿವಿ ಇರುವ, ಉದ್ದ ಹಿಡಿ ಇಲ್ಲದ ಪ್ಯಾನ್ ಸಿಗುತ್ತದೆ, ಅದನ್ನು ನೋಡಿ. ಹಾಗೇ ಪ್ಯಾನ್ ಬಾಯಿಗೂ ಮೇಲಿನ ಕಾಯಿಲ್‌ಗೂ ನಡುವೆ ಕನಿಷ್ಠ 10 ಸೆಂ.ಮೀ. ಇರಲಿ. ಉಬ್ಬಿದ ಅಂಚು ಕಾಯಿಲ್‌ಗೆ ತಾಗಿ ಹೊತ್ತಿದರೆ ವಾಸನೆ ಬೇಗ ಹೋಗುವುದಿಲ್ಲ.

ಗೋಡೆ ಸ್ವಲ್ಪ ಹೊರಕ್ಕೆ ಓರೆ ಇದ್ದರೆ ಒಳ್ಳೆಯದು. ಹಿಟ್ಟು ಅದರ ಮೇಲೆ ಹತ್ತಿಕೊಂಡು ಹೋಗುತ್ತದೆ, ಬಟ್ಟಲಿನ ಆಕಾರ ಬರುತ್ತದೆ. 4-5 ಸೆಂ.ಮೀ. ಎತ್ತರ ಸಾಕು.

ತೂಕ ಎತ್ತಲು ಕಷ್ಟ ಅನ್ನುವವರು ಕಾರ್ಬನ್ ಸ್ಟೀಲ್ ನೋಡಬಹುದು. 2-3 ಮಿ.ಮೀ. ದಪ್ಪದ್ದು ಬೇಗ ಕಾಯುತ್ತದೆ, ಕಾಸ್ಟ್ ಐರನ್‌ನಷ್ಟು ಭಾರ ಇಲ್ಲ. ನನಗೇನೋ ಕಾಸ್ಟ್ ಐರನ್ ಮೇಲೇ ಪ್ರೀತಿ.

ಗಾಜಿನಮನೆ:

ಗಾಜಿನ ಡಿಶ್ ಇದೆಯಲ್ಲ, ಅದನ್ನೇ ಯಾಕೆ ಬಳಸಬಾರದು? ತಣ್ಣಗಿನ ಓವನ್‌ನಲ್ಲೇ ಹಿಟ್ಟು ಇಟ್ಟು ಆಮೇಲೆ ಆನ್ ಮಾಡುವ ವಿಧಾನವೂ ಇದೆ. ಗಾಜು ಒಡೆಯುವ ಭಯ ಇರುವುದಿಲ್ಲ ಅಲ್ವಾ?

ಬಿಸಿತಟ್ಟೆ:

ಆ ವಿಧಾನ ನಿಜವಾಗಿಯೂ ಇದೆ. ಕೆಲವರಿಗೆ ಅದೇ ಇಷ್ಟ. ಅಂಚು ಎತ್ತರಕ್ಕೆ ಏಳುತ್ತದೆ, ನಡುವೆ ಚಪ್ಪಟೆಯಾಗಿ ಕಸ್ಟರ್ಡ್ ಥರ ಮೆತ್ತಗೆ ಉಳಿಯುತ್ತದೆ. ಲೋಹದ ಪ್ಯಾನ್‌ನಲ್ಲಿ ಧಾರಾಳವಾಗಿ ಮಾಡಿ.

ಗಾಜಿನಲ್ಲಿ ಮಾತ್ರ ಬೇಡ. ಬಹಳಷ್ಟು ಗಾಜಿನ ಡಿಶ್‌ಗಳ ಕೈಪಿಡಿಯಲ್ಲೇ ಇದೆ: ಓವನ್ ಪೂರ್ತಿ ಬಿಸಿಯಾದ ಮೇಲೆ ಒಳಗಿಡಿ ಅಂತ. ಓವನ್ ಕಾಯುವಾಗ ಕಾಯಿಲ್ ಎಡೆಬಿಡದೆ ಕೆಂಪಗೆ ಉರಿಯುತ್ತದೆ. ಆ ನೇರ ಶಾಖ ಗಾಜಿನ ಒಂದು ಕಡೆಗೇ ಜೋರಾಗಿ ಹೊಡೆಯುತ್ತದೆ. ಗಾಜು ಶಾಖವನ್ನು ಬೇಗ ಹರಡುವುದಿಲ್ಲ. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಾಗೇ ಇದ್ದರೆ ಬಿರುಕು.

ಇದಕ್ಕಿಂತ ಅಪಾಯ ಇನ್ನೊಂದು. ಖಾಲಿ ಗಾಜನ್ನು 220ಕ್ಕೆ ಕಾಯಿಸಿ ತಣ್ಣಗಿನ ಹಿಟ್ಟು ಸುರಿಯುವುದು. ಇದನ್ನು ಯಾರೂ ಮಾಡಬೇಡಿ, ದಯವಿಟ್ಟು. ಸೋಡಾ-ಲೈಮ್ ಗಾಜು, ಅಂದರೆ ಸಾಮಾನ್ಯ ಗಾಜು, ಬಿಸಿಗೆ ಹಿಗ್ಗುವುದು ಶಾಖ ತಡೆಯುವ ಬೋರೋಸಿಲಿಕೇಟ್ ಗಾಜಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ. ನಿಮ್ಮ ಡಿಶ್ ಯಾವ ಗಾಜಿನದು ಅಂತ ಕಣ್ಣಲ್ಲಿ ನೋಡಿ ಹೇಳುವುದು ಕಷ್ಟ. ಬೋರೋಸಿಲಿಕೇಟ್ ಆದರೂ ಇದು ಜೂಜೇ.

ಗಾಜೇ ಗತಿ ಅಂದರೆ ಹೀಗೆ ಮಾಡಿ. ಡಿಶ್ ಕೋಣೆಯ ಬಿಸಿಯಲ್ಲಿರಲಿ. ಕರಗಿಸಿ ಸ್ವಲ್ಪ ಆರಿಸಿದ ಬೆಣ್ಣೆ ಸವರಿ. ತಣ್ಣಗಿರದ ಹಿಟ್ಟು ಸುರಿಯಿರಿ. ಪೂರ್ತಿ ಕಾದ ಓವನ್‌ಗೆ ಇಡಿ, ಕಾದ ಸ್ಟೀಲ್ ಮೇಲೆ ಅಲ್ಲ, ಜಾಲರಿ ಮೇಲೆ. ನಾಲ್ಕೈದು ನಿಮಿಷ ಜಾಸ್ತಿ ಹಿಡಿಯುತ್ತದೆ. ತಳ ಅಷ್ಟು ಕೆಂಪಾಗುವುದಿಲ್ಲ. ಹೊರಗೆ ತೆಗೆದ ಮೇಲೆ ಒದ್ದೆ ಕಲ್ಲಿನ ಮೇಲೆ ಇಡಬೇಡಿ, ಒಣ ಬಟ್ಟೆ ಹಾಸಿ.

ನಾನ್‌ಸ್ಟಿಕ್ ಬಗ್ಗೆ ಯಾರೂ ಹೇಳಲಿಲ್ಲ. ಪ್ಲಾಸ್ಟಿಕ್ ಹಿಡಿ ಇದ್ದರೆ ಮಾತೇ ಇಲ್ಲ, ಓವನ್‌ಗೆ ಬೇಡ. ಹಿಡಿ ಲೋಹದ್ದಾದರೂ ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಪ್ಯಾನ್ ಮೇಲೆ ನೋಡಿ. ಕೆಲವು 180ಕ್ಕೇ ಸುಸ್ತು. ಆ ಲೇಪನ 260 ದಾಟಿದರೆ ಹಾಳಾಗಲು ಶುರು. ಅದರ ಹೊಗೆ ಸಾಕಿದ ಹಕ್ಕಿಗಳ ಜೀವವನ್ನೇ ತೆಗೆಯಬಲ್ಲದು. ಓವನ್_ಗುಬ್ಬಿ ಅವರೇ, ನೀವು ಸ್ವಲ್ಪ ಹೆಚ್ಚೇ ಹುಷಾರು.

ಓವನ್_ಗುಬ್ಬಿ:

ಹ್ಹಹ್ಹ, ಸರಿ! ಮನೆಯಲ್ಲಿ ದಪ್ಪ ಸ್ಟೀಲ್ ತಟ್ಟೆ ಸಿಕ್ಕಿತು, ಓವನ್‌ಗೆ ಹಿಡಿಯಿತು. ಅರ್ಧ ಗಂಟೆ ಕಾಯಿಸಿ, ಟಿನ್ ಇಟ್ಟು, 2 ಮೊಟ್ಟೆಯ ಅಳತೆಯಲ್ಲೇ ಮಾಡಿದೆ. ಬೆಣ್ಣೆ ಈ ಸಲ ನಿಜವಾಗಿ ಕೂಗಿತು. ನಡುವೆಯೂ ಗುಳ್ಳೆ ಎದ್ದು ಉಬ್ಬಿತು, ತಳ ಕಂದು ಬಣ್ಣ. ರಬ್ಬರ್ ಇಲ್ಲ!

ಆದರೆ ಇನ್ನೂ ಒಂದು ಕಡೆಯೇ ಎತ್ತರ. ಬಲಗಡೆ ಗೋಪುರ, ಎಡಗಡೆ ತಗ್ಗು. ಹೊರಗೆ ತೆಗೆದ ಎರಡೇ ನಿಮಿಷಕ್ಕೆ ಎಲ್ಲ ಕುಸಿಯಿತು. ಅದಕ್ಕೂ ಪ್ಯಾನ್ ಕಾರಣವಾ?

ಕಬ್ಬಿಣದ_ಕಡಲೆ:

ಕುಸಿಯುವುದು ರೋಗ ಅಲ್ಲ. ಒಳಗಿನ ಹಬೆ ತಣಿದರೆ ಇಳಿಯಲೇಬೇಕು. ಅಂಚು ಗರಿಗರಿಯಾಗಿ ನಿಂತು ನಡುವೆ ಇಳಿದರೆ ಅದು ಸರಿಯಾಗಿ ಆಗಿದೆ ಅಂತಲೇ ಅರ್ಥ. ಅಂಚೂ ಪೂರ್ತಿ ಮಲಗಿದರೆ ಇನ್ನೂ ಮೂರು ನಿಮಿಷ ಬೇಯಿಸಿ. ಅಂಚು ಕಡು ಕಂದು ಆಗುವವರೆಗೆ ಬಾಗಿಲು ತೆಗೆಯಬೇಡಿ.

ಒಂದು ಕಡೆ ಏಳುವುದಕ್ಕೆ ಎರಡು ಕಾರಣ ಇರಬಹುದು. ಜಾಲರಿ ಓರೆ ಇರಬಹುದು. ಓವನ್ ತಣ್ಣಗಿರುವಾಗ ಟಿನ್ ಒಳಗಿಟ್ಟು ತಳ ಮುಳುಗುವಷ್ಟು ನೀರು ಹಾಕಿ, ಯಾವ ಕಡೆ ನಿಲ್ಲುತ್ತದೆ ನೋಡಿ. ನೀರು ಸಮ ಇದ್ದರೆ ಓವನ್ನೇ ಒಂದು ಕಡೆ ಜಾಸ್ತಿ ಬಿಸಿ. ಬ್ರೆಡ್ ತುಂಡುಗಳನ್ನು ಜಾಲರಿ ತುಂಬ ಜೋಡಿಸಿ ಐದಾರು ನಿಮಿಷ ಬಿಡಿ, ಯಾವುದು ಮೊದಲು ಕಂದಾಗುತ್ತದೋ ಅಲ್ಲೇ ಬಿಸಿ. ಫ್ಯಾನ್ ಇದ್ದರೆ ಆಫ್ ಮಾಡಿ ನೋಡಿ. ಫ್ಯಾನ್ ಹಾಕಿಯೇ ಮಾಡುವುದಾದರೆ 20 ಡಿಗ್ರಿ ಇಳಿಸಿ.

ಓವನ್_ಗುಬ್ಬಿ:

ನೀರು ಎಡಕ್ಕೆ ಹರಿಯಿತು! ಓವನ್‌ನ ಒಂದು ಕಾಲಿನ ರಬ್ಬರ್ ಬಿದ್ದುಹೋಗಿದೆ. ಎಡಗಡೆ ಹಿಟ್ಟು ದಪ್ಪ ನಿಂತು ಏಳುತ್ತಿರಲಿಲ್ಲ ಅನಿಸುತ್ತದೆ. ಕಾಲಿಗೆ ರಟ್ಟು ಮಡಚಿ ಇಟ್ಟೆ, ಈಗ ಸಮ.

ಆದರೂ 25ರ ಕಾಸ್ಟ್ ಐರನ್ ತಗೋತೀನಿ, ಕಿವಿ ಇರುವುದು. ಮನೆಯಲ್ಲಿ 3 ಮೊಟ್ಟೆಗೇ ಬೇಡಿಕೆ. ಹೊಸ ಪ್ಯಾನ್‌ನಲ್ಲಿ ಅಂಟುವುದಿಲ್ಲ ತಾನೇ? ಮೇಲೆ ನಿಂಬೆ ಹಿಂಡಿದರೆ ತೊಂದರೆ ಇದೆಯಾ?

ಕಬ್ಬಿಣದ_ಕಡಲೆ:

ಶುರುವಿನಲ್ಲಿ ಗೋಡೆಗೆ ಸ್ವಲ್ಪ ಅಂಟಬಹುದು. ಬೆಣ್ಣೆ ಕರಗಿದ ಮೇಲೆ ಬ್ರಶ್‌ನಿಂದ ಗೋಡೆಗೂ ಸವರಿ. ಹಿಟ್ಟಿಗೆ ಸಕ್ಕರೆ ಹಾಕಬೇಡಿ, ಅಂಟಿಸುವುದು ಅದೇ. ತಿನ್ನುವಾಗ ಮೇಲೆ ಉದುರಿಸಿಕೊಳ್ಳಿ. ನಿಂಬೆ ಹಿಂಡುವುದು ತಟ್ಟೆಗೆ ತೆಗೆದ ಮೇಲೆ, ಹುಳಿ ಪ್ಯಾನ್‌ನ ಎಣ್ಣೆ ಪದರವನ್ನು ತಿನ್ನುತ್ತದೆ.

ಚಿಕ್ಕ ಓವನ್ ಆದ್ದರಿಂದ ಪ್ಯಾನ್ ಒಳಗಿಟ್ಟೇ ಅರ್ಧ ಗಂಟೆ ಕಾಯಿಸಿ, ದೀಪ ಆರಿತು ಅಂತ ನಂಬಬೇಡಿ. ಹೊರಗೆ ತೆಗೆದ ಮೇಲೆ ಎರಡೂ ಕಿವಿಗೆ ಬಟ್ಟೆ ಸುತ್ತಿಡಿ. ಕರಿ ಕಬ್ಬಿಣ 200 ಡಿಗ್ರಿಯಲ್ಲೂ ತಣ್ಣಗಿದ್ದ ಹಾಗೇ ಕಾಣುತ್ತದೆ. ಮನೆಯಲ್ಲಿ ಯಾರಾದರೂ ಬರಿಗೈಯಲ್ಲಿ ಹಿಡಿದುಬಿಡುತ್ತಾರೆ.