ರಸ್ಟ್: ಸ್ವಂತ ವೆಕ್‌ನ ಗ್ರೋ ಫಂಕ್ಷನ್ ಸರಳ ಮಾಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೆಕ್ (ಬೇಕಾದಂತೆ ಬೆಳೆಯುವ ಪಟ್ಟಿ) ಥರದ್ದೊಂದನ್ನು ನಾನೇ ಬರೆಯುತ್ತಿದ್ದೇನೆ. ಜಾಗ ಸಾಲದಾಗ ಹಿಗ್ಗಿಸುವ ಗ್ರೋ ಫಂಕ್ಷನ್ 60 ಸಾಲು ದಾಟಿದೆ. ಹೊಸ ಮೆಮೊರಿ ಕೇಳುವ ಅಲಾಕ್‌ಗೊಂದು ಇಫ್, ಇರುವ ಬ್ಲಾಕ್‌ನ ಗಾತ್ರ ಬದಲಿಸುವ ರಿಅಲಾಕ್‌ಗೊಂದು, ಸೊನ್ನೆ ಗಾತ್ರದ ಟೈಪ್‌ಗೆ ಇನ್ನೊಂದು. ಅವೇ ಚೆಕ್‌ಗಳು ಕೊನೆಗೆ ಮೆಮೊರಿ ಬಿಡುವ ಡ್ರಾಪ್‌ನಲ್ಲೂ ಇವೆ. ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇದನ್ನು ಹೇಗೆ ಮಾಡಿದ್ದಾರೆ?

ಉತ್ತರ: ಅಲ್ಲಿ ವೆಕ್, ವೆಕ್‌ಡೆಕ್ (ಎರಡೂ ತುದಿಯಲ್ಲಿ ಸೇರಿಸಬಹುದಾದ ಪಟ್ಟಿ) ಎರಡೂ ರಾವೆಕ್ ಎಂಬ ಒಳಗಿನ ಟೈಪ್ ಮೇಲೆ ನಿಂತಿವೆ. ರಾವೆಕ್‌ಗೆ ಗೊತ್ತಿರುವುದು ಪಾಯಿಂಟರ್ (ಬ್ಲಾಕ್‌ನ ವಿಳಾಸ), ಕೆಪಾಸಿಟಿ (ಎಷ್ಟು ಎಲಿಮೆಂಟ್‌ಗೆ ಜಾಗವಿದೆ), ಅಲೊಕೇಟರ್ (ಮೆಮೊರಿ ಕೊಡುವುದು) ಮೂರೇ. ಒಳಗೆ ಎಷ್ಟು ಎಲಿಮೆಂಟ್ ತುಂಬಿವೆ ಎಂಬುದು ಅದಕ್ಕೆ ಬೇಡ. ನೀವೂ ಮೊದಲು ಹಾಗೆ ಬೇರ್ಪಡಿಸಿ.

ಆಮೇಲೆ ಕೆಪಾಸಿಟಿಯನ್ನು ಎಲಿಮೆಂಟ್ ಗಾತ್ರದಿಂದ ಕೈಯಾರೆ ಗುಣಿಸುವ ಸಾಲುಗಳನ್ನೆಲ್ಲ ಕಿತ್ತುಹಾಕಿ. ರಿಲೀಸ್ ಬಿಲ್ಡ್‌ನಲ್ಲಿ ಆ ಗುಣಾಕಾರ ಮಿತಿ ಮೀರಿದರೆ ಸದ್ದಿಲ್ಲದೆ ಸೊನ್ನೆಯಿಂದ ಸುತ್ತಿಬಂದು ಪುಟ್ಟ ಬ್ಲಾಕ್ ಸಿಗುತ್ತದೆ. ಅದರ ಬದಲು ಬ್ಲಾಕ್‌ನ ಲೇಔಟ್ (ಬೈಟ್‌ಗಳಲ್ಲಿ ಗಾತ್ರ, ಜೊತೆಗೆ ಅಲೈನ್‌ಮೆಂಟ್, ಅಂದರೆ ವಿಳಾಸ ಯಾವ ಸಂಖ್ಯೆಯ ಗುಣಕವಾಗಿರಬೇಕು ಎಂಬುದು) ಲೆಕ್ಕ ಹಾಕುವ ಲೇಔಟ್::ಅರೇ ಕರೆಯಿರಿ. ಗುಣಾಕಾರ ಉಕ್ಕಿದರೂ, ಬೈಟ್‌ಗಳು ಐಸೈಜ್::ಮ್ಯಾಕ್ಸ್ (ಐಸೈಜ್ ಟೈಪ್‌ನ ಗರಿಷ್ಠ ಸಂಖ್ಯೆ) ಮೀರಿದರೂ ಅದು ಎರರ್ ಕೊಡುತ್ತದೆ.

ಇಫ್‌ಗಳನ್ನು ನಿಜವಾಗಿ ಕಡಿಮೆ ಮಾಡುವುದು ಕರೆಂಟ್_ಮೆಮೊರಿ ಎಂಬ ಪುಟ್ಟ ಫಂಕ್ಷನ್. ಎಲಿಮೆಂಟ್ ಗಾತ್ರ ಸೊನ್ನೆ ಅಥವಾ ಕೆಪಾಸಿಟಿ ಸೊನ್ನೆ ಇದ್ದರೆ ಅದು ಕೊಡುವುದು ನನ್ (None, ಏನೂ ಇಲ್ಲ); ಇಲ್ಲದಿದ್ದರೆ ಸಮ್ (Some), ಅದರೊಳಗೆ ಪಾಯಿಂಟರ್ ಮತ್ತು ಹಳೆಯ ಲೇಔಟ್. ಡ್ರಾಪ್ ಅದನ್ನು ಕೇಳುತ್ತದೆ, ಸಮ್ ಬಂದರಷ್ಟೇ ಡಿಅಲಾಕ್ ಕರೆದು ಮೆಮೊರಿ ಬಿಡುತ್ತದೆ. ಗ್ರೋ ಕೂಡ ಅದನ್ನೇ ಕೇಳುತ್ತದೆ: ಸಮ್ ಆದರೆ ಬ್ಲಾಕ್ ಹಿಗ್ಗಿಸುವುದು, ನನ್ ಆದರೆ ಹೊಸದು. ಸೊನ್ನೆ ಗಾತ್ರದ ಟೈಪ್‌ನ ಕೆಪಾಸಿಟಿಯನ್ನು ಯುಸೈಜ್::ಮ್ಯಾಕ್ಸ್ (ಯುಸೈಜ್ ಟೈಪ್‌ನ ಗರಿಷ್ಠ ಸಂಖ್ಯೆ) ಎಂದೇ ಹೇಳಿಬಿಡಿ. ಆಗ ಗ್ರೋಗೆ ಬಂದರೆ ಅದು ಓವರ್‌ಫ್ಲೋನೇ.

ಹೊಸ ಕೆಪಾಸಿಟಿ: ಹಳೆಯದರ ದುಪ್ಪಟ್ಟು ಅಥವಾ ಈಗ ಅಗತ್ಯವಿರುವಷ್ಟು, ಯಾವುದು ದೊಡ್ಡದೋ ಅದು. ಕನಿಷ್ಠ ಮಿತಿ 1 ಬೈಟಿನ ಎಲಿಮೆಂಟ್‌ಗೆ 8, 1024 ಬೈಟಿನವರೆಗೆ 4, ಅದಕ್ಕೂ ದೊಡ್ಡದಕ್ಕೆ 1.

ಕೊನೆಯ ಅಲೊಕೇಶನ್ ಹೆಜ್ಜೆಯನ್ನು ಜೆನೆರಿಕ್ (ಎಲಿಮೆಂಟ್ ಟೈಪ್ ಅವಲಂಬಿಸಿದ) ಅಲ್ಲದ ಫಂಕ್ಷನ್‌ಗೆ ಹಾಕಿ. ಇಲ್ಲದಿದ್ದರೆ ಪ್ರತಿ ಟೈಪ್‌ಗೂ ಕಂಪೈಲರ್ ಅದೇ ಕೋಡ್‌ನ ಪ್ರತಿ ತೆಗೆಯುತ್ತದೆ. ಇದಕ್ಕಾಗಿಯೇ 2024ರಲ್ಲಿ ರಾವೆಕ್‌ನಿಂದ ಎಲಿಮೆಂಟ್ ಟೈಪ್ ಅವಲಂಬಿಸದ ಭಾಗ ರಾವೆಕ್‌ಇನ್ನರ್ ಆಗಿ ಬೇರೆಯಾಯಿತು. ನನ್ನ ಪ್ರಕಾರ ಓದುವವರಿಗೂ ಅದರಿಂದ ದೊಡ್ಡ ಉಪಕಾರವಾಗಿದೆ.

ಪ್ರಶ್ನೆ: ಧನ್ಯವಾದ ಸರ್. ಹೀಗೇ ಬದಲಾಯಿಸಿದೆ. ಯು32 (4 ಬೈಟಿನ ಸಂಖ್ಯೆ) ಹಾಕಿದರೆ ಕೆಪಾಸಿಟಿ 4ರಿಂದ 8 ಆದ ಮೇಲೆ ಹೀಪ್ (ಅಲೊಕೇಟರ್ ಕೊಡುವ ಮೆಮೊರಿ) ಕೆಡುತ್ತಿದೆ. ರಿಅಲಾಕ್‌ಗೆ ಹೊಸ ಲೇಔಟ್, ಆಮೇಲೆ 8 ಕೊಡುತ್ತಿದ್ದೇನೆ.

ಉತ್ತರ: ಎರಡೂ ತಪ್ಪು. ಕೊಡಬೇಕಾದ್ದು ಹಳೆಯ ಲೇಔಟ್ (16 ಬೈಟ್, ಅಲೈನ್‌ಮೆಂಟ್ 4), ಮತ್ತು ಹೊಸ ಗಾತ್ರ ಬೈಟ್‌ಗಳಲ್ಲಿ, ಅಂದರೆ 32. ನೀವು 8 ಎಂದಾಗ ಬ್ಲಾಕ್ ಎರಡು ಎಲಿಮೆಂಟ್‌ಗೆ ಕುಗ್ಗಿತು. ಮೂರನೆಯದರಿಂದ ಎಲ್ಲವೂ ಬೇರೆಯವರ ಜಾಗ. ಇನ್ನೊಂದು, ರಿಅಲಾಕ್ ವಿಫಲವಾಗಿ ನಲ್ (ಖಾಲಿ ಪಾಯಿಂಟರ್) ಕೊಟ್ಟರೆ ಹಳೆಯ ಬ್ಲಾಕ್ ಇನ್ನೂ ನಿಮ್ಮದೇ. ಹಾಗಾಗಿ ನಲ್ ಅಲ್ಲವೆಂದು ನೋಡಿದ ಮೇಲಷ್ಟೇ ಪಾಯಿಂಟರ್, ಕೆಪಾಸಿಟಿ ಎರಡನ್ನೂ ಬದಲಿಸಿ. ರಸ್ಟ್‌ನ ನೈಟ್ಲಿ (ಪ್ರಾಯೋಗಿಕ) ಆವೃತ್ತಿಯಲ್ಲಿ ಕಾರ್ಗೋ ಮಿರಿ ಟೆಸ್ಟ್ ಓಡಿಸಿ; ಮಿರಿ ಇಂಥ ಮೆಮೊರಿ ತಪ್ಪು ಹಿಡಿಯುವ ಉಪಕರಣ. ಪರೀಕ್ಷಿಸಬೇಕಾದ ಟೈಪ್‌ಗಳು: ಖಾಲಿ ಟ್ಯೂಪಲ್, ಯು8, ಯು32, ಅಲೈನ್‌ಮೆಂಟ್ 64 ಇರುವ ಒಂದು ಸ್ಟ್ರಕ್ಟ್. ತಪ್ಪು ಲೇಔಟ್ ಕೊಟ್ಟ ಸಾಲನ್ನೇ ಮಿರಿ ತೋರಿಸುತ್ತದೆ.